ಹಾರಂಗಿನಾ, ಚಿಕ್ಲಿಹೊಳೆನಾ? ನನ್ನ ಓಟು ಚಿಕ್ಲಿಹೊಳೆಗೆ

ಕೊಡಗಿನ ಕುಶಾಲನಗರದ ನಮ್ಮ ಮನೆಗೆ ಬರುವ ನೆಂಟರೆಲ್ಲ ಕೇಳುವುದು ಒಂದೇ. ಗಲಾಟೆ ಇರಬಾರದು, ನೀರು ಇರಬೇಕು, ಸ್ವಲ್ಪ ನಡೆಯೋಕೂ ಜಾಗ ಬೇಕು, ಎಲ್ಲಿ ಹೋಗೋಣ? ಹೋದ ನವೆಂಬರಿನಲ್ಲಿ ಅಪ್ಪ ಊರಿಂದ ಬಂದಾಗ ಇಲ್ಲೇ ಹತ್ತಿರದ ಎರಡು ಜಲಾಶಯ ನೋಡಿದೆವು, ಒಂದು ಭಾನುವಾರ ಹಾರಂಗಿ, ಮುಂದಿನ ಭಾನುವಾರ ಚಿಕ್ಲಿಹೊಳೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಚಿಕ್ಲಿಹೊಳೆ.

ಹಾರಂಗಿ 8.5 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ದೊಡ್ಡ ಜಲಾಶಯ. ಮಳೆಗಾಲದಲ್ಲಿ ಪೇಪರ್ ಬಂದ ತಕ್ಷಣ ಜಲಾಶಯ ತುಂಬುವ ಮಟ್ಟ 2859 ಅಡಿಗೆ ಇನ್ನೆಷ್ಟು ಬಾಕಿ ಅಂತ ಇಲ್ಲಿ ಎಲ್ಲರೂ ನೋಡುತ್ತೇವೆ. ಚಿಕ್ಲಿಹೊಳೆ ಹಿಡಿಯುವುದು ಬರೀ 0.18 ಟಿಎಂಸಿ, ಅದರ ಮುಂದೆ ಒಂದು ಕೆರೆ ಇದ್ದ ಹಾಗೆ. ದೊಡ್ಡದರಲ್ಲಿ ನೋಡೋಕೂ ಜಾಸ್ತಿ ಇರುತ್ತೆ ಅಂದುಕೊಂಡು ಅಪ್ಪನನ್ನು ಮೊದಲು ಹಾರಂಗಿಗೆ ಕರೆದುಕೊಂಡು ಹೋದೆ.

ಎಡವಿದ್ದು ಅಲ್ಲೇ. ಉದ್ಯಾನ ಇರುವುದು ಅಣೆಕಟ್ಟೆಯ ಕೆಳಗೆ, ಎದುರುಗಡೆ. ನೀರು ನಿಂತಿರುವುದು ಗೋಡೆಯ ಆಚೆ. ಮೇಲೆ ಹೋಗಿ ನೋಡೋಣ ಅಂದರೆ ಭದ್ರತೆಯ ಕಾರಣಕ್ಕೆ ಬಿಡಲಿಲ್ಲ. ಬಿಡದೇ ಇರುವುದು ಸರಿಯೇ, ಅಷ್ಟು ದೊಡ್ಡ ಅಣೆಕಟ್ಟೆ ಅದು. ಆದರೆ ಹೊರಡುವ ಮೊದಲು ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಅಪ್ಪನಿಗೆ ಮಂಡಿ ನೋವು. ಬಿಸಿಲಲ್ಲಿ ಅರ್ಧ ಗಂಟೆ ನಡೆದು, ಬೆಂಚಿನ ಮೇಲೆ ಕೂತು, ಗೋಡೆಯನ್ನೇ ನೋಡುತ್ತಾ "ನೀರೆಲ್ಲಿದೆ ಮಗಾ?" ಅಂದರು. ನನಗೆ ತುಂಬಾ ಬೇಜಾರಾಯಿತು. ಅವರು ಬಂದದ್ದೇ ನೀರಿನ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ಕೂರೋಣ ಅಂತ. ಜುಲೈ, ಆಗಸ್ಟಿನಲ್ಲಿ ನೀರು ಹೊರಬಿಡುವ ಕ್ರಸ್ಟ್ ಗೇಟ್ ತೆಗೆದಾಗ ಹೋದರೆ ಮಾತು ಬೇರೆ, ಎದುರು ನಿಂತವರ ಮುಖಕ್ಕೇ ತುಂತುರು ಬಂದು ಬಡಿಯುತ್ತೆ. ನಾವು ಹೋದಾಗ ಗೇಟೆಲ್ಲ ಮುಚ್ಚಿತ್ತು. ಮಕ್ಕಳಿದ್ದರೆ ಸಂಜೆಯ ಸಂಗೀತ ಕಾರಂಜಿ ಖಂಡಿತ ಇಷ್ಟವಾಗುತ್ತೆ.

ಚಿಕ್ಲಿಹೊಳೆಗೆ ಬೆಳಿಗ್ಗೆ ಏಳಕ್ಕೇ ಸ್ಕೂಟರ್ ಹತ್ತಿದೆವು. ಕಾಫಿ ತೋಟದ ನಡುವಿನ ಸಣ್ಣ ರಸ್ತೆ, ಎದುರಿಂದ ಜೀಪು ಬಂದರೆ ಪಕ್ಕಕ್ಕೆ ಇಳಿಸಿಕೊಳ್ಳಬೇಕು. ಅಲ್ಲಿ ಹೆಚ್ಚಿನ ನೀರು ಹರಿದುಹೋಗಲು ಅರ್ಧಚಂದ್ರದ ಆಕಾರದಲ್ಲಿ ಕಟ್ಟಿದ್ದಾರೆ. ಮಳೆಗಾಲದಲ್ಲಿ ತುಂಬಿದಾಗ ಆ ಅಂಚಿನ ಸುತ್ತಲಿಂದಲೂ ನೀರು ಒಂದೇ ಸಮನೆ ಒಳಕ್ಕೆ ಬೀಳುತ್ತೆ. ನಾವು ಹೋದ ದಿನ ಅಂಚಿಗೆ ಒಂದು ಗೇಣು ಕಮ್ಮಿ ಇತ್ತು. ನೀರಿನ ಮೇಲೆ ಮಂಜು, ಒಣಗಿದ ಮರದ ಬೊಡ್ಡೆಯ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೂತ ಒಂದು ನೀರುಕಾಗೆ. ಅಪ್ಪ ಚಪ್ಪಲಿ ಬಿಟ್ಟು ದಡದ ಹುಲ್ಲಿನ ಮೇಲೆ ಕೂತವರು ಒಂದು ಗಂಟೆ ಏಳಲಿಲ್ಲ.

ಆಮೇಲೆ ದಡದ ಕಾಲುದಾರಿಯಲ್ಲಿ ನಿಧಾನಕ್ಕೆ ನಡೆದೆವು. ಏರು ಇಲ್ಲ, ಮಂಡಿಗೆ ತೊಂದರೆ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಕೆಸರಲ್ಲಿ ಬೋಗುಣಿಯಷ್ಟು ಅಗಲದ ಹೆಜ್ಜೆ ಕಂಡಿತು. ಒಳಗಿನ ನೀರು ಇನ್ನೂ ಕದಡಿಕೊಂಡೇ ಇತ್ತು. ತೋಟದ ಕೆಲಸಕ್ಕೆ ಹೊರಟಿದ್ದವರೊಬ್ಬರು ನಿಂತು, "ಬೆಳಗಿನ ಜಾವ ಆನೆ ಬಂದಿತ್ತು ಅಣ್ಣ, ಅಪ್ಪನ್ನ ಕರ್ಕೊಂಡು ಆ ಕಡೆ ಹೋಗ್ಬೇಡಿ" ಅಂದರು. ಅಲ್ಲಿಂದಲೇ ತಿರುಗಿದೆವು. ಅದಕ್ಕೇ ಹೇಳೋದು, ಸೂರ್ಯಾಸ್ತ ಎಷ್ಟೇ ಚೆನ್ನಾಗಿರಲಿ, ಸಂಜೆ ಐದರ ಮೇಲೆ ಅಲ್ಲಿರಬೇಡಿ. ಪಕ್ಕದ ಮೀನುಕೊಲ್ಲಿ ಕಾಡಿಗಂತೂ ಕಾಲಿಡಲೇಬೇಡಿ.

ನಾವು ಹೋದ ಹೊತ್ತಿಗೆ ಒಂದು ಅಂಗಡಿಯೂ ತೆರೆದಿರಲಿಲ್ಲ. ಅಕ್ಕಿ ರೊಟ್ಟಿ, ಕಾಫಿ ಫ್ಲಾಸ್ಕ್ ಮನೆಯಿಂದಲೇ ತಂದಿದ್ದೆವು. ನೀರಿಗೆ ಇಳಿಯಬೇಡಿ, ಆಳ ಗೊತ್ತಾಗಲ್ಲ.

ಬೆಟ್ಟ ಹತ್ತಲೇಬೇಕು ಅನ್ನುವವರಿಗೆ ಇವೆರಡೂ ಸಾಲದು. 1748 ಮೀಟರಿನ ತಡಿಯಂಡಮೋಳ್ ಇದೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ.

ನನಗೆ ಬೇಗ ಏಳುವ ಅಭ್ಯಾಸ, ಕೈಯಲ್ಲಿ ದುಡ್ಡು ಕಮ್ಮಿ. 100 ರೂಪಾಯಿ ಪೆಟ್ರೋಲಿಗೆ ಅರ್ಧ ದಿನ ನೀರಿನ ಪಕ್ಕ ಕೂರಬಹುದು ಅಂದರೆ ನನಗೆ ಅಷ್ಟೇ ಸಾಕು. ಮಕ್ಕಳ ಜೊತೆ ಸಂಜೆ ಹೊರಡುವವರು ಹಾರಂಗಿಗೇ ಹೋಗಲಿ. ಅಪ್ಪ ಮೊನ್ನೆ ಫೋನ್ ಮಾಡಿದ್ದರು. ಜುಲೈನಲ್ಲಿ ಬರ್ತಾರಂತೆ, ಆ ಅಂಚಿಂದ ನೀರು ಬೀಳೋದನ್ನು ನೋಡಬೇಕಂತೆ. ಜಿಗಣೆ ಕಾಟ ಇರುತ್ತೆ, ಉಪ್ಪಿನ ಪೊಟ್ಟಣ ಇಟ್ಟುಕೊಂಡು ಬನ್ನಿ ಅಂದಿದ್ದೇನೆ.