ಹೆಲ್ಮ್ ಚಾರ್ಟ್ ಟೆಸ್ಟ್ ಮಾಡೋಕೆ ನಾಲ್ಕು ದಾರಿ: ಯಾವುದು ಯಾವ ಬಗ್ ಹಿಡಿಯತ್ತೆ

ಹೆಲ್ಮ್ ಚಾರ್ಟ್ ಅಂದ್ರೆ ಕುಬರ್ನೆಟಿಸ್ ಕ್ಲಸ್ಟರ್‌ಗೆ (ಕಂಟೇನರ್‌ಗಳಲ್ಲಿ ಆಪ್ ಓಡ್ಸೋ ಮಷಿನ್‌ಗಳ ಗುಂಪು) ಆಪ್ ಹಾಕೋಕೆ ಬೇಕಾದ ಯಾಮಲ್ ಕಾನ್ಫಿಗ್ ಟೆಂಪ್ಲೇಟ್‌ಗಳ ಕಟ್ಟು. ಹೆಲ್ಮ್ ಯುನಿಟ್‌ಟೆಸ್ಟ್, ಹೆಲ್ಮ್ ಟೆಸ್ಟ್, ಟೆರಾಟೆಸ್ಟ್, ಚಾರ್ಟ್ ಟೆಸ್ಟಿಂಗ್, ಒಂದೇ ಚಾರ್ಟ್ ಮೇಲೆ ಈ ನಾಲ್ಕನ್ನೂ ಓಡ್ಸಿ ನೋಡಿದೀನಿ. ದೊಡ್ಡದೇನಲ್ಲ, ಒಂದು ಜಾವಾ ಎಪಿಐ, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಇಂಗ್ರೆಸ್ (ಹೊರಗಿನ ಟ್ರಾಫಿಕ್ ಒಳಗೆ ಬಿಡೋ ಬಾಗಿಲು). ಡಾಕ್ಸ್ ಓದ್ತಾ ಹೋದ್ರೆ ಎಲ್ಲಾ ಒಂದೇ ಕೆಲಸ ಮಾಡೋ ಥರ ಕಾಣತ್ತೆ, ಓಡ್ಸಿದಾಗಲೇ ಗೊತ್ತಾಗೋದು ಹಂಗಲ್ಲ ಅಂತ.

ಹೆಲ್ಮ್ ಯುನಿಟ್‌ಟೆಸ್ಟ್ ಪ್ಲಗಿನ್‌ಗೆ ಕ್ಲಸ್ಟರ್ರೇ ಬೇಡ. ಟೆಂಪ್ಲೇಟ್ ರೆಂಡರ್ ಮಾಡಿ, ಬಂದ ಯಾಮಲ್‌ನಲ್ಲಿ ರೆಪ್ಲಿಕಾ (ಆಪ್‌ನ ಪ್ರತಿಗಳು) ಹೇಳಿದಷ್ಟೇ ಇದ್ಯಾ, ಇಂಗ್ರೆಸ್ ಆಫ್ ಮಾಡಿದ್ರೆ ಆ ಫೈಲಿಂದ ಏನೂ ಬರಲ್ಲ ತಾನೇ, ಇಷ್ಟು ನೋಡತ್ತೆ, ಕಣ್ಣು ಮಿಟುಕಿಸೋದ್ರೊಳಗೆ ಮುಗಿಯತ್ತೆ. ಇಫ್-ಎಲ್ಸ್ ತುಂಬಿರೋ ಚಾರ್ಟ್‌ಗೆ ಬೆಸ್ಟ್. ಸ್ನ್ಯಾಪ್‌ಶಾಟ್ ಟೆಸ್ಟ್ (ಹಿಂದೆ ಉಳಿಸಿಟ್ಟ ಔಟ್‌ಪುಟ್ ಜೊತೆ ಹೋಲಿಸೋದು) ಮಾತ್ರ ನಂಗೆ ಇಷ್ಟ ಇಲ್ಲ, ಫೇಲಾದ ತಕ್ಷಣ ಜನ ಡಿಫ್ ನೋಡದೇ ಅಪ್‌ಡೇಟ್ ಹೊಡೆದು ಮುಂದೆ ಹೋಗ್ತಾರೆ.

ಹೆಲ್ಮ್ ಟೆಸ್ಟ್ ಅಂದ್ರೆ ಹೆಲ್ಮ್ ಜೊತೆಗೇ ಬರೋದು. ಟೆಸ್ಟ್ ಹುಕ್ ಅನೋಟೇಶನ್ (ಇದು ಟೆಸ್ಟ್ ಅಂತ ಹೆಲ್ಮ್‌ಗೆ ಹೇಳೋ ಗುರುತು) ಇರೋ ಒಂದು ಪಾಡ್ (ಕಂಟೇನರ್ ಓಡೋ ಘಟಕ), ಅದು ಎಕ್ಸಿಟ್ ಕೋಡ್ 0 ಕೊಟ್ರೆ ಪಾಸ್. ಹೆಲ್ಮ್ ಕ್ರಿಯೇಟ್ ಮಾಡಿದಾಗ ಬರೋ ಸ್ಯಾಂಪಲ್, ಬಿಸಿಬಾಕ್ಸ್ ಅನ್ನೋ ಪುಟ್ಟ ಇಮೇಜಿಂದ ಸರ್ವೀಸ್‌ಗೆ ಒಂದು ಡಬ್ಲ್ಯುಗೆಟ್ (ಪೇಜ್ ತರೋ ಕಮಾಂಡ್) ಹೊಡೆಯತ್ತೆ ಅಷ್ಟೇ. ಪೇಜ್ ಬಂತು ಅಂದ ಮಾತ್ರಕ್ಕೆ ಡೇಟಾಬೇಸ್ ಸಿಕ್ತು ಅಂತೇನಿಲ್ವಲ್ಲ, ಅದಕ್ಕೆ ನಾನು ಡಿಬಿ ಸ್ಟೇಟಸ್ ಹೇಳೋ ಹೆಲ್ತ್ ಎಂಡ್‌ಪಾಯಿಂಟ್ ಕರೆಯೋ ಹಾಗೆ ಬದಲಾಯಿಸ್ದೆ. ಇನ್‌ಸ್ಟಾಲ್ ಮಾಡುವಾಗ ವೇಯ್ಟ್ ಫ್ಲಾಗ್ ಬೇಕೇ ಬೇಕು, ಇಲ್ಲಾಂದ್ರೆ ಆಪ್ ಏಳೋ ಮುಂಚೆನೇ ಟೆಸ್ಟ್ ಪಾಡ್ ಓಡಿ ಫೇಲಾಗತ್ತೆ.

ಟೆರಾಟೆಸ್ಟ್ ಗೋ ಲೈಬ್ರರಿ, ಏನು ಬೇಕಾದ್ರೂ ಮಾಡ್ಬಹುದು, ಆದ್ರೆ ಟೀಮಲ್ಲಿ ಗೋ ಬರೆಯೋರು ಇರ್ಬೇಕು. ಗೋ ಟೆಸ್ಟ್‌ನ ಡಿಫಾಲ್ಟ್ ಟೈಮ್‌ಔಟ್ 10 ನಿಮಿಷ, ಅದು ಮೀರಿದ್ರೆ ಡಿಫರ್‌ನಲ್ಲಿ (ಫಂಕ್ಷನ್ ಮುಗಿಯುವಾಗ ಓಡ್ಲಿ ಅಂತ) ಇಟ್ಟಿರೋ ಕ್ಲೀನಪ್ ಓಡೋದೇ ಇಲ್ಲ, ಟೆಸ್ಟ್‌ನ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ಪ್ರತ್ಯೇಕ ಜಾಗ) ಹಂಗೇ ಬಿದ್ದಿರತ್ತೆ. ಒಂದು ಚಾರ್ಟ್‌ಗೆ ಇಷ್ಟೆಲ್ಲಾ ಬೇಡ ಅನ್ನಿಸ್ತು.

ನನ್ನ ವೋಟು ಚಾರ್ಟ್ ಟೆಸ್ಟಿಂಗ್‌ಗೆ, ಅಂದ್ರೆ ಸಿಟಿ (ct ಅನ್ನೋ ಕಮಾಂಡ್), ಕೈಂಡ್ ಕ್ಲಸ್ಟರ್ (ಡಾಕರ್ ಒಳಗೆ ಓಡೋ ಪುಟ್ಟ ಕುಬರ್ನೆಟಿಸ್) ಮೇಲೆ. ಗಿಟ್ ನೋಡಿ ಬದಲಾದ ಚಾರ್ಟ್ ಮಾತ್ರ ಹುಡುಕಿ, ಇನ್‌ಸ್ಟಾಲ್ ಮಾಡಿ, ಹೆಲ್ಮ್ ಟೆಸ್ಟನ್ನೂ ತಾನೇ ಓಡ್ಸತ್ತೆ (ಸಿಐನಲ್ಲಿ, ಅಂದ್ರೆ ಕೋಡ್ ಬದಲಾದಾಗ ತಾನೇ ಟೆಸ್ಟ್ ಓಡ್ಸೋ ಕಡೆ, ಇತ್ತೀಚಿನ ಹಿಸ್ಟರಿ ಮಾತ್ರ ತರೋ ಶಾಲೋ ಕ್ಲೋನ್ ಇದ್ರೆ ಈ ಹುಡುಕಾಟ ಕೆಡತ್ತೆ, ಪೂರ್ತಿ ಹಿಸ್ಟರಿ ತಗೊಳ್ಳಿ). ಕೈಂಡ್‌ನಲ್ಲಿ ಒಂದು ಕಿರಿಕ್: ಇಮೇಜ್ ಲೋಡ್ ಮಾಡಿದ್ರೂ ಟ್ಯಾಗ್ ಲೇಟೆಸ್ಟ್ ಅಂತಿದ್ದು ಪುಲ್ ಪಾಲಿಸಿ (ಇಮೇಜ್ ಯಾವಾಗ ತರಿಸ್ಬೇಕು ಅನ್ನೋದು) ಕೊಟ್ಟಿಲ್ಲ ಅಂದ್ರೆ ಅದು ಆಲ್ವೇಸ್ ಆಗತ್ತೆ, ಕ್ಲಸ್ಟರ್ ರಿಜಿಸ್ಟ್ರಿಗೆ ಹೋಗಿ ಇಮೇಜ್ ಪುಲ್ ಎರರ್ ಕೊಡತ್ತೆ. ಬೇರೆ ಟ್ಯಾಗ್ ಹಾಕಿ.

ಸಿಟಿ ಗೆಲ್ಲೋದು ಅಪ್‌ಗ್ರೇಡ್ ಫ್ಲಾಗಿಂದ, ಹಳೇ ಚಾರ್ಟ್ ಮೇಲೆ ಹೊಸದು ಹಾಕಿ ನೋಡೋ ಆಯ್ಕೆ ಅದು. ಯಾರೋ ಹೆಲ್ಪರ್ ಫೈಲಲ್ಲಿ ಚಾರ್ಟ್ ವರ್ಷನ್ ಇರೋ ಲೇಬಲನ್ನ ಡಿಪ್ಲಾಯ್‌ಮೆಂಟ್ ಸೆಲೆಕ್ಟರ್ (ಯಾವ ಪಾಡ್ ತನ್ನದು ಅಂತ ಗುರುತಿಸೋ ಲೇಬಲ್ ಪಟ್ಟಿ) ಒಳಗೆ ಸೇರಿಸಿದ್ರು ಅಂದ್ಕೊಳ್ಳಿ. ಯುನಿಟ್‌ಟೆಸ್ಟ್ ಹಸಿರು, ಹೊಸ ಇನ್‌ಸ್ಟಾಲೂ ಹಸಿರು, ಹೆಲ್ಮ್ ಟೆಸ್ಟೂ ಪಾಸ್. ಆದ್ರೆ ಸೆಲೆಕ್ಟರ್ ಒಮ್ಮೆ ಹಾಕಿದ್ಮೇಲೆ ಬದಲಾಯಿಸೋಕೆ ಆಗಲ್ಲ, ಹಳೇದು ಓಡ್ತಿರೋ ಕಡೆ ಅಪ್‌ಗ್ರೇಡ್ ಕೊಟ್ರೆ ಫೀಲ್ಡ್ ಈಸ್ ಇಮ್ಯುಟಬಲ್ ಅಂತ ಒದರತ್ತೆ. ಇದನ್ನ ಹಿಡಿಯೋದು ಹಳೇ ರಿವಿಷನ್ ಹಾಕಿ ಅದರ ಮೇಲೆ ಹೊಸದು ಹಾಕೋ ಟೆಸ್ಟ್ ಮಾತ್ರ, ಪ್ರೊಡಕ್ಷನ್‌ನಲ್ಲಿ ನಡೆಯೋದೂ ಅದೇ ತಾನೇ.

ಒಂದೇ ತಕರಾರು, ಮೇಜರ್ ವರ್ಷನ್ ಏರ್ಸಿದ್ರೆ ಇದು ಬ್ರೇಕಿಂಗ್ ಚೇಂಜ್ ಅಂತ ತಿಳ್ಕೊಂಡು ಸಿಟಿ ಅಪ್‌ಗ್ರೇಡ್ ಟೆಸ್ಟನ್ನೇ ಬಿಟ್ಬಿಡತ್ತೆ. ಅಂಥ ರಿಲೀಸ್‌ಗೆ ಹಳೇ ಚಾರ್ಟ್ ಹಾಕಿ ಮೈಗ್ರೇಶನ್ ಸ್ಟೆಪ್ಸ್ ಓಡ್ಸಿ ಹೊಸದು ಹಾಕೋ ಒಂದು ಬ್ಯಾಶ್ ಸ್ಕ್ರಿಪ್ಟ್ ಬೇರೆಯೇ ಇಟ್ಕೊಂಡಿದೀನಿ.