ದೀಕ್ಷಾ ಕೋರ್ಸೋ, ವಿಡಿಯೊ ಕರೆಯ ಮಾರ್ಗದರ್ಶನವೋ?

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವ ಶಿಕ್ಷಕರಿಗೆ ದೂರದಿಂದ ಸಿಗಬಹುದಾದ ನೆರವು ಮುಖ್ಯವಾಗಿ ಎರಡು ಬಗೆಯದು: 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿರುವಂತಹ ಸಿದ್ಧ ಕೋರ್ಸ್‌ಗಳು ಮತ್ತು ತಜ್ಞರೊಡನೆ ವಿಡಿಯೊ ಕರೆಯಲ್ಲಿ ನಡೆಯುವ ಮಾರ್ಗದರ್ಶನ.

ದೀಕ್ಷಾ ಉಚಿತ, ಬಿಡುವಾದಾಗ ನೋಡಬಹುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳ ಸ್ಥೂಲ ಪರಿಚಯಕ್ಕೆ ಇಂತಹ ಪಾಠಗಳು ಒಳ್ಳೆಯ ಆರಂಭ. ಆದರೆ ಆಟಿಸಂ ಇರುವ ಮಗು ಶಾಲೆಯ ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಓಡುವುದೇಕೆ ಎಂಬ ಪ್ರಶ್ನೆಗೆ ಸಿದ್ಧ ಪಾಠ ಉತ್ತರಿಸದು. ಅಲ್ಲಿ, ಪೋಷಕರ ಒಪ್ಪಿಗೆ ಪಡೆದು ಚಿತ್ರೀಕರಿಸಿದ ತುಣುಕನ್ನು ನೋಡಿ, ಗಂಟೆಗೆ ಮೊದಲೇ ಚಿತ್ರ ತೋರಿಸಿ ಮಗುವನ್ನು ಸಜ್ಜುಗೊಳಿಸುವಂತೆ ಸೂಚಿಸಿ, ಮುಂದಿನ ವಾರ ಪರಿಣಾಮ ವಿಚಾರಿಸುವ ಮಾರ್ಗದರ್ಶಕರೇ ಬೇಕು. ಮನೆಯಲ್ಲಿ ತೆಲುಗು, ದಖನಿ ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳೂ ಇರುವ ಈ ಭಾಗದಲ್ಲಿ, ತರಗತಿಯಲ್ಲಿ ಮಗು ಮಾತನಾಡದಿರುವುದು ನ್ಯೂನತೆಯಿಂದಲೋ, ಭಾಷೆ ಬದಲಾದುದರಿಂದಲೋ ಎಂದು ಬಿಡಿಸಿ ನೋಡಲೂ ಸಂವಾದ ಅಗತ್ಯ. ನೆಟ್‌ವರ್ಕ್ ಕೈಕೊಟ್ಟರೆ ಫೋನ್ ಕರೆಯಾದರೂ ಸರಿಯೇ.

ಇವೆರಡೂ ವಿಶೇಷ ಶಿಕ್ಷಕರ ತರಬೇತಿಗೆ ಮಾನ್ಯತೆ ನೀಡುವ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್.ಗೆ ಬದಲಿಯಲ್ಲ. ಹೊಸಬರು ಕೋರ್ಸ್‌ನಿಂದ ಆರಂಭಿಸಬಹುದು. ಮಗು ಈಗಾಗಲೇ ಎದುರಿಗಿದ್ದರೆ ಮಾರ್ಗದರ್ಶನವನ್ನೇ ಮೊದಲು ಆಯ್ದುಕೊಳ್ಳುವುದು ಲೇಸು.