ಪಿಕಪ್‌ಗೆ 40 ಮಿ.ಮೀ. ಸಸ್ಪೆನ್ಷನ್ ಲಿಫ್ಟ್: 4 ವರ್ಷ, 68,000 ಕಿ.ಮೀ. ಬಳಸಿದ ಮೇಲೆ

ಬರೆಯಲು ಕೂರುವ ಮೊದಲು ಟೇಪು ಹಿಡಿದು ಗಾಡಿಯನ್ನು ಮತ್ತೊಮ್ಮೆ ಅಳೆದೆ. ಮುಂದಿನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ 541 ಮಿ.ಮೀ. ಇದೆ. ಗಾಡಿ ಹೊಸದಾಗಿದ್ದಾಗ ಇದ್ದದ್ದು 500. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ (ಹೊಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳು) ಹಾಕಿಸಿದ ದಿನ 548 ಇತ್ತು. ಮೊದಲ 3,000 ಕಿ.ಮೀ.ಗಳಲ್ಲಿ ಸ್ಪ್ರಿಂಗ್ ಕೂತು 543ಕ್ಕೆ ಇಳಿಯಿತು. ಅಲ್ಲಿಂದೀಚೆಗೆ ಕಳೆದುಕೊಂಡದ್ದು ಇನ್ನೆರಡೇ ಮಿಲಿಮೀಟರ್. ಮುಂಭಾಗದ ಸ್ಪ್ರಿಂಗ್‌ಗಳ ಬಗ್ಗೆ ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ನನಗೆ ಬೇಕಿಲ್ಲ. ಹಿಂಭಾಗದ ಆಯ್ಕೆಯಲ್ಲಿ ಮಾತ್ರ ನಾನು ಎಡವಿದೆ. ಆ ಕಥೆಯೂ ಈ ಬರಹದಲ್ಲಿದೆ. (ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲವೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ, ಯಾವಾಗಲೂ ಚಕ್ರದ ನಡುವಿನಿಂದಲೇ ಅಳೆಯಿರಿ. ಲಿಫ್ಟ್ ಹಾಕಿಸುವ ಮುನ್ನ ನಾಲ್ಕೂ ಮೂಲೆಗಳ ಅಳತೆಯನ್ನು ಬರೆದಿಟ್ಟುಕೊಳ್ಳಿ.)

ನನ್ನದು ಡಬಲ್ ಕ್ಯಾಬ್ ಡೀಸೆಲ್ ಪಿಕಪ್. ಮುಂದೆ ಎರಡೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ಕಾಯಿಲ್ ಸ್ಪ್ರಿಂಗ್; ಹಿಂದೆ ಇಡಿಯ ಆಕ್ಸಲ್, ಲೀಫ್ ಸ್ಪ್ರಿಂಗ್. ಇಂದಿನ ಹೆಚ್ಚಿನ ಪಿಕಪ್‌ಗಳ ರಚನೆ ಇದೇ. ಜೇನು ಸಾಕಣೆ ನನ್ನ ಕಸುಬು. ಹೂವು ಬಿಡುವ ಕಾಲಕ್ಕೆ ಪೆಟ್ಟಿಗೆಗಳನ್ನು ರಾತ್ರಿ ಹೇರಿಕೊಂಡು ತೋಟಗಳಿಗೆ ಒಯ್ಯಬೇಕು. ಕೊನೆಯ ಎರಡು ಮೂರು ಕಿಲೋಮೀಟರ್ ಟ್ರ್ಯಾಕ್ಟರ್ ಚಕ್ರಗಳು ಆಳವಾಗಿ ಕೊರೆದ ದಾರಿ, ನಡುವೆ ಹುಲ್ಲು ಬೆಳೆದ ದಿಬ್ಬ. ಆ ದಿಬ್ಬಕ್ಕೆ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು. ಒಮ್ಮೆ ಕಾಲುವೆಯ ಏರಿ ಹತ್ತುವಾಗ ಮುಂದಿನ ರಕ್ಷಣಾ ತಗಡು ಮಡಚಿಯೇ ಹೋಯಿತು. ನನಗೆ ಬೇಕಿದ್ದದ್ದು ಎರಡು ಬೆರಳಿನಷ್ಟು ಎತ್ತರ ಅಷ್ಟೆ; 75 ಅಥವಾ 100 ಮಿ.ಮೀ. ಏರಿಸುವ ಯೋಚನೆ ಎಂದೂ ಇರಲಿಲ್ಲ.

ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. ಲಿಫ್ಟ್ ಎತ್ತುವುದು ಚಾಸಿ (ಗಾಡಿಯ ತಳದ ಚೌಕಟ್ಟು) ಮತ್ತು ಬಾಡಿಯನ್ನು. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗುಂಡು ಆಕ್ಸಲ್‌ನಲ್ಲೇ ಇರುವುದರಿಂದ ಅದು ಇದ್ದಲ್ಲೇ ಉಳಿಯುತ್ತದೆ. ಅದನ್ನು ಮೇಲೇರಿಸಲು ದೊಡ್ಡ ಟೈರ್ ಒಂದೇ ದಾರಿ. ನಾನು ಒಂದು ವರ್ಷದ ನಂತರ, ಹಳೆಯ ಟೈರ್‌ಗಳು ಸವೆದ ಮೇಲೆ, 265/65 ಆರ್17ರಿಂದ 265/70 ಆರ್17ಕ್ಕೆ ಹೋದೆ. ವ್ಯಾಸ ಸುಮಾರು 776 ಮಿ.ಮೀ. ಇದ್ದದ್ದು 803 ಆಯಿತು. ಡಿಫರೆನ್ಷಿಯಲ್‌ಗೆ ಸಿಕ್ಕಿದ್ದು ಅದರ ಅರ್ಧ, ಅಂದರೆ 13 ಮಿ.ಮೀ. ಮಾತ್ರ. ಅದೇ ವೇಗಕ್ಕೆ ಸ್ಪೀಡೋಮೀಟರ್ ಮುಳ್ಳು ಈಗ ಮೊದಲಿಗಿಂತ ಶೇ. 3.3ರಷ್ಟು ಕಡಿಮೆ ತೋರಿಸುತ್ತದೆ. ಇಷ್ಟಾದರೂ ಹೊಟ್ಟೆ ಉಜ್ಜುವುದು ನಿಂತಿತು, ಏರಿಗಳಲ್ಲಿ ಮೂಗು ತಾಗುವುದು ನಿಂತಿತು. ಮೂಗು ಮತ್ತು ಹೊಟ್ಟೆ ನೆಲಕ್ಕೆ ತಾಗದೆ ದಾಟಬಹುದಾದ ಕೋನಗಳು ಸುಧಾರಿಸಿದ್ದರ ಲಾಭ ಅದು.

ಮೊದಲ ಪ್ರಯತ್ನ ಸ್ಪೇಸರ್. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬದ) ತಲೆಯ ಮೇಲೆ 25 ಮಿ.ಮೀ. ದಪ್ಪದ ಬಿಲ್ಲೆ ಇಟ್ಟರೆ ಚಕ್ರದ ಬಳಿ 45 ಮಿ.ಮೀ. ಎತ್ತರ ಸಿಗುತ್ತದೆ. ಸ್ಟ್ರಟ್, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ತುದಿಯಲ್ಲಿರದೆ ನಡುವಿನಲ್ಲಿ ಕೂತಿರುವುದೇ ಇದಕ್ಕೆ ಕಾರಣ. ಸ್ಪ್ರಿಂಗ್ ಅದೇ, ಶಾಕ್ ಅಬ್ಸಾರ್ಬರ್ ಅದೇ. ಆದ್ದರಿಂದ ಸವಾರಿಯೂ ಹೆಚ್ಚು ಬದಲಾಗುವುದಿಲ್ಲ. ಟಾರು ರಸ್ತೆಯಲ್ಲಿ ಓಡಾಡುತ್ತ ಗಾಡಿಯ ಮೂಗನ್ನು ಹಿಂಭಾಗದ ಮಟ್ಟಕ್ಕೆ ತರಲು ಬಯಸುವವರಿಗೆ ಅದು ಸಾಕಾಗಬಹುದು. ನನ್ನ ದಾರಿಗೆ ಅದು ಒಗ್ಗಲಿಲ್ಲ. ಚಕ್ರ ಗುಂಡಿಯ ಮೇಲೆ ಪೂರ್ತಿ ಕೆಳಗೆ ಜೋತುಬಿದ್ದಾಗ ಆರ್ಮ್ ತನಗೆ ನಿಗದಿಯಾದ ಮಿತಿಯನ್ನೂ ಮೀರಿ ಇಳಿಯುತ್ತದೆ. ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಬಳಿ ಸೇರುವ ಕೀಲು) ಮತ್ತು ಸಿ.ವಿ. ಜಾಯಿಂಟ್‌ಗಳ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲುಗಳ) ಕೋನ ಅತಿಯಾಗುತ್ತದೆ, ಮೇಲಿನ ಆರ್ಮ್ ಸ್ಪ್ರಿಂಗ್‌ಗೆ ತಾಗುತ್ತದೆ. ಐದು ತಿಂಗಳಲ್ಲಿ ನನ್ನ ಗಾಡಿಯ ಸ್ಪ್ರಿಂಗ್ ಮೇಲೆ ಬಣ್ಣ ಕೆರೆದ ಗುರುತು ಮೂಡಿತು, ಒಂದು ಸಿ.ವಿ. ಬೂಟಿನ (ಆ ಕೀಲಿನ ರಬ್ಬರ್ ಹೊದಿಕೆಯ) ಮಡಿಕೆಯಲ್ಲಿ ಗ್ರೀಸ್ ಜಿನುಗಿತು. ತೆಗೆಸಿಬಿಟ್ಟೆ.

ಎರಡನೆಯ ಬಾರಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳು ಒಂದಕ್ಕೊಂದು ಹೊಂದಿಕೊಂಡ ಪೂರ್ಣ ಕಿಟ್ ತೆಗೆದುಕೊಂಡೆ. ಈ ಬಗೆಯ ಕಿಟ್‌ಗಳಲ್ಲಿ ಎತ್ತರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, 40ರಿಂದ 50 ಮಿ.ಮೀ. ಆಯ್ದುಕೊಳ್ಳಬೇಕಾದದ್ದು ಸ್ಪ್ರಿಂಗಿನ ಬಿಗಿತವನ್ನು. ಮುಂದೆ ಏನೂ ಹೆಚ್ಚುವರಿ ಇಲ್ಲದ ಗಾಡಿಗೆ ಒಂದು, ಉಕ್ಕಿನ ಬಂಪರ್ ಇದ್ದರೆ ಇನ್ನೊಂದು, ಅದರ ಮೇಲೆ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಹಗ್ಗದ ಯಂತ್ರ) ಕೂಡ ಇದ್ದರೆ ಮತ್ತೊಂದು. ನನ್ನ ಗಾಡಿಗೆ ಎರಡೂ ಇಲ್ಲ. ಹಗುರವಾದದ್ದನ್ನೇ ಆರಿಸಿದೆ, ಅದೇ 541 ಮಿ.ಮೀ.ಗೆ ನಿಂತಿರುವ ಸ್ಪ್ರಿಂಗ್. ‘ಮುಂದೊಂದು ದಿನ ಬಂಪರ್ ಹಾಕಿಸಬಹುದು’ ಎಂದು ಬಿಗಿಯಾದದ್ದನ್ನು ಕೊಂಡವರ ಗಾಡಿಗಳಲ್ಲಿ ಕೂತಿದ್ದೇನೆ. ಮೂಗು ಬೇಕಾದ್ದಕ್ಕಿಂತ ಮೇಲೆ, ಸಣ್ಣ ಉಬ್ಬಿಗೂ ಸ್ಟೀರಿಂಗ್‌ಗೆ ಪೆಟ್ಟು. ಭಾರ ಇಲ್ಲದ ಬಿಗಿ ಸ್ಪ್ರಿಂಗ್ ಗಾಡಿಯನ್ನು ಇನ್ನೂ ಎತ್ತುತ್ತದೆ. ಚಕ್ರ ಕೆಳಗಿಳಿಯಲು ಉಳಿಯುವ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಮುಂದೆ ಇಷ್ಟು ಎಚ್ಚರ ವಹಿಸಿದವನು ಹಿಂದೆ ಅದೇ ತಪ್ಪನ್ನು ಮಾಡಿದೆ. ಲೀಫ್ ಸ್ಪ್ರಿಂಗ್‌ಗಳ ಪಟ್ಟಿಯಲ್ಲಿ ‘ಸದಾ ಇರುವ ಭಾರ’ ಎಂಬ ಮಾತು ಇತ್ತು: ಖಾಲಿ, 200 ಕೆ.ಜಿ., 400 ಕೆ.ಜಿ.ಗೂ ಮೇಲೆ. 24 ಪೆಟ್ಟಿಗೆ ಹೇರಿದರೆ ಸುಮಾರು 500 ಕೆ.ಜಿ. ಆಗುತ್ತದೆ ಎಂದು ಯೋಚಿಸಿ ಅತಿ ಬಿಗಿಯಾದದ್ದನ್ನು ಹಾಕಿಸಿದೆ. ‘ಸದಾ’ ಎಂಬ ಪದದ ಮೇಲೆ ಕಣ್ಣು ನಿಲ್ಲಲಿಲ್ಲ. ಪೆಟ್ಟಿಗೆ ಹೊರುವುದು ವರ್ಷಕ್ಕೆ ಆರೇಳು ವಾರ. ಉಳಿದ ದಿನಗಳಲ್ಲಿ ಹಿಂದೆ ಇರುವುದು ಹೊಗೆಡಬ್ಬಿ, ಉಪಕರಣಗಳ ಪೆಟ್ಟಿಗೆ, ನೀರಿನ ಕ್ಯಾನ್‌ಗಳು, ಎಲ್ಲ ಸೇರಿ 120 ಕೆ.ಜಿ.

ಆ ಸ್ಪ್ರಿಂಗ್ ಇದ್ದ ಹನ್ನೊಂದು ತಿಂಗಳು ನನಗೆ ಚೆನ್ನಾಗಿ ನೆನಪಿವೆ. ಖಾಲಿ ಗಾಡಿಯ ಹಿಂಭಾಗ 45ರ ಬದಲು 70 ಮಿ.ಮೀ. ಏರಿ ನಿಂತಿತು. ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ಹಿಂದಿನ ಚಕ್ರಗಳು ನೆಲ ಹಿಡಿಯದೆ ಕುಪ್ಪಳಿಸುತ್ತಿದ್ದವು. ಮಳೆ ಬಿದ್ದ ತಿರುವಿನಲ್ಲಿ ಎರಡು ಸಲ ಹಿಂಭಾಗ ಪಕ್ಕಕ್ಕೆ ಸರಿದು ಸ್ಥಿರತಾ ನಿಯಂತ್ರಣದ ದೀಪ ಮಿನುಗಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಅರ್ಧ ದಾರಿಯಲ್ಲಿ ಮುಂದಿನ ಸೀಟಿಗೆ ಬಂದು ಕೂತರು. ನನಗೆ ಹೆಚ್ಚು ನೋವಾದದ್ದು ಒಂದು ಮುಂಜಾನೆ. ಆರೇ ಪೆಟ್ಟಿಗೆ ಹೇರಿಕೊಂಡು ನಿಧಾನವಾಗಿಯೇ ಬಂದಿದ್ದೆ. ಮುಚ್ಚಳ ತೆಗೆದರೆ ಹೊಸದಾಗಿ ಕಟ್ಟಿದ ಎರಡು ಎರಿಗಳು (ಮೇಣದ ಹಲ್ಲೆಗಳು) ಚೌಕಟ್ಟಿನಿಂದ ಕಳಚಿ ತಳಕ್ಕೆ ಬಿದ್ದಿದ್ದವು, ಅವುಗಳಡಿ ಹುಳುಗಳು ನಜ್ಜಾಗಿದ್ದವು. 500 ಕೆ.ಜಿ. ಇದ್ದ ರಾತ್ರಿಗಳಲ್ಲಿ ಇದೇ ಸ್ಪ್ರಿಂಗ್ ಅತ್ಯುತ್ತಮವಾಗಿತ್ತು ಎಂಬುದನ್ನೂ ಹೇಳಬೇಕು. ತಯಾರಕರ ತಪ್ಪು ಇದರಲ್ಲಿ ಏನೂ ಇಲ್ಲ.

200 ಕೆ.ಜಿ.ಯ ಲೀಫ್ ಸ್ಪ್ರಿಂಗ್‌ಗೆ ಬದಲಾಯಿಸಿದೆ. 52,000 ಕಿ.ಮೀ.ಗಳಿಂದ ಅದೇ ಇದೆ. 120 ಕೆ.ಜಿ.ಗೆ ಅದು ಮೃದುವಾಗಿ ನಡೆಯುತ್ತದೆ. 500 ಹೇರಿದಾಗ 60 ಮಿ.ಮೀ.ಯಷ್ಟು ಇಳಿಯುತ್ತದೆ, ಆದರೆ ರಬ್ಬರ್ ತಡೆಗೆ ಬಡಿದದ್ದಿಲ್ಲ. ಭಾರದ ದಿನಗಳಿಗೆಂದು ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗುವ ಗಾಳಿಚೀಲ ಹಾಕಿಸಲು ಹಲವರು ಹೇಳಿದರು. ಲೀಫ್ ಸ್ಪ್ರಿಂಗ್ ಭಾರವನ್ನು ತನ್ನ ಎರಡು ತುದಿಗಳಿಗೆ ಹಂಚಿ ಚಾಸಿಗೆ ಕೊಡುತ್ತದೆ; ಗಾಳಿಚೀಲ ಆಕ್ಸಲ್‌ನ ನೇರ ಮೇಲೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ನನ್ನ ಪೆಟ್ಟಿಗೆಗಳ ಸಾಲು ಆಕ್ಸಲ್‌ನ ಹಿಂದಕ್ಕೂ ಚಾಚುತ್ತದೆ, ದಾರಿಯೂ ಒರಟು. ಚಾಸಿ ಬಾಗುವ ಅಪಾಯ ನನಗೆ ಬೇಡವೆನಿಸಿತು. ಇನ್ನು, ಯಾವ ಸ್ಪ್ರಿಂಗ್ ಹಾಕಿದರೂ ಗಾಡಿ ಹೊರಬಹುದಾದ ಭಾರದ ಮಿತಿ ಏರುವುದಿಲ್ಲ. ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯೇ ಮಿತಿ. ಆಕ್ಸಲ್, ಬ್ರೇಕ್, ಚಾಸಿ ಯಾವುದೂ ಬದಲಾಗಿರುವುದಿಲ್ಲವಲ್ಲ.

ಶಾಕ್ ಅಬ್ಸಾರ್ಬರ್‌ಗಳಲ್ಲಿ ಮಾನೋಟ್ಯೂಬ್ (ಒಂದೇ ಕೊಳವೆ) ಮತ್ತು ಟ್ವಿನ್‌ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆ) ಎರಡರ ನಡುವೆ ಬಹಳ ದಿನ ತೂಗಾಡಿದೆ. ಮಾನೋಟ್ಯೂಬ್‌ನಲ್ಲಿ ಎಣ್ಣೆಯೂ ನೈಟ್ರೋಜನ್ನೂ ಬೇರೆಬೇರೆ ಕೋಣೆಗಳಲ್ಲಿ ಇರುತ್ತವೆ, ಶಾಖ ನೇರವಾಗಿ ಹೊರಗೋಡೆಗೆ ದಾಟುತ್ತದೆ. ಗಂಟೆಗಟ್ಟಲೆ ವೇಗವಾಗಿ ಅಲೆರಸ್ತೆಯಲ್ಲಿ ಓಡಿಸುವವರಿಗೆ ಅದು ಮೇಲು. ಆದರೆ ಅದರ ಹೊರಗೋಡೆಯೇ ಪಿಸ್ಟನ್ ಓಡುವ ಸಿಲಿಂಡರ್. ಕಲ್ಲು ಬಡಿದು ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ನನ್ನದು ನಿಧಾನದ, ಕಲ್ಲುಗಳ ದಾರಿ. ಟ್ವಿನ್‌ಟ್ಯೂಬ್ ತೆಗೆದುಕೊಂಡೆ. ಹಿಂದಿನ ಎಡಗಡೆಯದು 50,000 ಕಿ.ಮೀ. ಹೊತ್ತಿಗೆ ಎಣ್ಣೆ ಸೋರಿತು, ಹಿಂದಿನ ಜೋಡಿಯನ್ನು ಒಟ್ಟಿಗೆ ಬದಲಿಸಿದೆ. ಮುಂದಿನವು ಇನ್ನೂ ಸೋರಿಲ್ಲ.

ಕಿಟ್ ಎಷ್ಟೇ ಒಳ್ಳೆಯದಿರಲಿ, ಜೋಡಿಸುವ ಕೈ ಹಾಳು ಮಾಡಬಲ್ಲದು. ಮೊದಲು ಜೋಡಿಸಿದ ಗ್ಯಾರೇಜಿನಲ್ಲಿ ಗಾಡಿಯನ್ನು ಎತ್ತುವ ಯಂತ್ರದ ಮೇಲೆ ಇಟ್ಟೇ, ಚಕ್ರಗಳು ಜೋತಾಡುತ್ತಿರುವಾಗಲೇ ಕೆಳಗಿನ ಆರ್ಮ್‌ನ ಬೋಲ್ಟ್‌ಗಳನ್ನು ಬಿಗಿದರು. ಆರ್ಮ್‌ನ ಬುಡದ ಕೀಲಿನಲ್ಲಿರುವ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ. 20,000 ಕಿ.ಮೀ. ಹೊತ್ತಿಗೆ ಎರಡು ಬುಷ್ ಹರಿದವು. ನಾಲ್ಕೂ ಚಕ್ರ ನೆಲದ ಮೇಲಿದ್ದು ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಆಗಬೇಕು. ಮೆಕ್ಯಾನಿಕ್‌ಗೆ ಇದನ್ನು ಮೊದಲೇ ಹೇಳಿ, ಪಕ್ಕದಲ್ಲಿ ನಿಂತು ನೋಡಿ. ಲೀಫ್ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಿಂದಿನ ಯು ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿಸಿ. ಒಮ್ಮೆ ಬಿಗಿದು ಹಿಗ್ಗಿದವನ್ನು ಮತ್ತೆ ಬಳಸಬಾರದು. 500 ಕಿ.ಮೀ. ಮತ್ತು 1,000 ಕಿ.ಮೀ. ಆದ ಮೇಲೆ ಎಲ್ಲವನ್ನೂ ಟಾರ್ಕ್ ವ್ರೆಂಚ್‌ನಿಂದ ಪರೀಕ್ಷಿಸಬೇಕು. ನನ್ನ ಗಾಡಿಯಲ್ಲಿ 500ಕ್ಕೇ ಎರಡು ನಟ್‌ಗಳು ಕಾಲು ಸುತ್ತು ತಿರುಗಿದವು.

ಇನ್ನೊಂದು ವಿಷಯವನ್ನು ನಾನು ಬಹಳ ತಡವಾಗಿ ಕಲಿತೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಹಿಂಭಾಗ ಎಷ್ಟು ಕುಗ್ಗಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕ್‌ಗೆ ಎಷ್ಟು ಒತ್ತಡ ಹೋಗಬೇಕೆಂದು ನಿರ್ಧರಿಸುವ ಕವಾಟ ಅದರ ತುದಿಯಲ್ಲಿದೆ. ಲಿಫ್ಟ್ ಆದ ಗಾಡಿಯಲ್ಲಿ ಈ ಅಂತರ ಹೆಚ್ಚುತ್ತದೆ. ಭಾರ ಹೇರಿದ್ದರೂ ಗಾಡಿ ಖಾಲಿ ಇದೆಯೆಂದೇ ಕವಾಟ ಭಾವಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಇಳಿಜಾರಿನಲ್ಲಿ ಪೆಡಲ್ ಹೆಚ್ಚು ತುಳಿಯಬೇಕಾಗುತ್ತಿದೆ ಎಂದು ನನಗೆ ಅನಿಸುತ್ತಿತ್ತು, ಕಾರಣ ಹೊಳೆದಿರಲಿಲ್ಲ. ಸರಳಿನ ಬ್ರಾಕೆಟ್ಟನ್ನು ಲಿಫ್ಟಿನಷ್ಟೇ ಸರಿಸಿದ ಮೇಲೆ ಸರಿಹೋಯಿತು. ನಿಮ್ಮ ಗಾಡಿಯ ಕೆಳಗೆ ಬಗ್ಗಿ ಈ ಸರಳು ಇದೆಯೇ ಎಂದು ದಯವಿಟ್ಟು ನೋಡಿಕೊಳ್ಳಿ.

ನಿಂತಲ್ಲಿಂದ ಹೊರಡುವಾಗ ನೆಲದಡಿ ಒಂದು ನಡುಕ ಕೂಡ ಇತ್ತು. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್‌ನ ನಡುವಿನ ಬೇರಿಂಗನ್ನು 8 ಮಿ.ಮೀ. ಇಳಿಸಿದಾಗ ಹೋಯಿತು.

ವೀಲ್ ಅಲೈನ್‌ಮೆಂಟ್ ಕಡ್ಡಾಯ, ಅಂದೇ ಆಗಬೇಕು. ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದರೆ ಟೈರ್‌ಗಳು ಬೇಗನೆ ಸವೆದುಹೋಗುತ್ತವೆ. ಹೆಚ್ಚು ಕಾಡಿದ್ದು ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. 3.1 ಡಿಗ್ರಿ ಇದ್ದದ್ದು 1.9ಕ್ಕೆ ಬಿದ್ದಿತ್ತು, ಹೊಂದಾಣಿಕೆಯ ಬೋಲ್ಟ್‌ಗಳನ್ನು ಕೊನೆಯವರೆಗೆ ತಿರುಗಿಸಿದರೂ 2.4 ದಾಟಲಿಲ್ಲ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಹಿಂಜರಿಯುತ್ತಿತ್ತು, ಹೆದ್ದಾರಿಯಲ್ಲಿ ಸದಾ ಸಣ್ಣಸಣ್ಣ ತಿದ್ದುಪಡಿ ಬೇಕಾಗುತ್ತಿತ್ತು. ಎರಡನೆಯ ವರ್ಷ ಬದಲಿ ಮೇಲಿನ ಆರ್ಮ್‌ಗಳನ್ನು ಹಾಕಿಸಿದ ಮೇಲೆ 3.8ಕ್ಕೆ ಬಂದಿತು. ಅವುಗಳನ್ನು ಕಿಟ್ ಜೊತೆಗೇ ಹಾಕಿಸಬೇಕಿತ್ತು. ಹೆಡ್‌ಲೈಟ್‌ಗಳನ್ನು ಅದೇ ದಿನ ಕೆಳಕ್ಕೆ ಹೊಂದಿಸಿಕೊಳ್ಳಿ, ಎದುರಿನವರ ಕಣ್ಣು ಕುಕ್ಕಬಾರದು. ಗಾಜಿನ ಹಿಂದೆ ಕ್ಯಾಮೆರಾ ಇರುವ ಗಾಡಿಯಾದರೆ ಅದನ್ನೂ ಮರುಹೊಂದಿಸಬೇಕು. ನಿಮ್ಮಲ್ಲಿ ಎಷ್ಟು ಎತ್ತರಕ್ಕೆ ಕಾನೂನಿನ ಅನುಮತಿ ಇದೆ, ವಿಮೆಯವರಿಗೆ ತಿಳಿಸಬೇಕೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ.

ಓಡಿಸುವಾಗ ಏನು ಬದಲಾಯಿತು? ಇಂಧನದಲ್ಲಿ, ದೊಡ್ಡ ಟೈರಿನಿಂದ ಓಡೋಮೀಟರ್ ಕಡಿಮೆ ತೋರಿಸುವುದನ್ನು ಸರಿಪಡಿಸಿ ಲೆಕ್ಕ ಹಾಕಿದರೂ, ಲೀಟರಿಗೆ 12.6 ಕಿ.ಮೀ. ಇದ್ದದ್ದು 11.8ಕ್ಕೆ ಇಳಿದಿದೆ. ಅಡ್ಡಗಾಳಿ ಹೆಚ್ಚು ತಿಳಿಯುತ್ತದೆ. ಉರುಳುವ ಅಪಾಯವನ್ನು ಅಂದಾಜಿಸಲು ಒಂದು ಸರಳ ಲೆಕ್ಕವಿದೆ: ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಗಲ 1,540, ಎತ್ತರ 700 ಮಿ.ಮೀ. ಎಂದುಕೊಂಡರೆ 1.10 ಬರುತ್ತದೆ, ಗುರುತ್ವ ಕೇಂದ್ರ 40 ಏರಿದರೆ 1.04. ಅಂಕಿ ಕಡಿಮೆಯಾದಷ್ಟೂ ಉರುಳುವ ಅಪಾಯ ಹೆಚ್ಚು. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ಪಿಕಪ್ ಮೊದಲೇ ಈ ವಿಷಯದಲ್ಲಿ ಬಡವ. 75 ಮಿ.ಮೀ. ಬೇಡ ಎಂದು ನಾನು ಗಟ್ಟಿಯಾಗಿ ನಿಂತದ್ದು ಈ ಲೆಕ್ಕ ಮಾಡಿದ ಮೇಲೆ. ಪೆಟ್ಟಿಗೆಗಳನ್ನು ಈಗ ಎರಡು ಅಂತಸ್ತಿಗಿಂತ ಮೇಲೆ ಪೇರಿಸುವುದಿಲ್ಲ, ತಿರುವುಗಳಲ್ಲಿ ಮೊದಲಿಗಿಂತ ನಿಧಾನ.

ಅಮ್ಮನಿಗೆ ಹತ್ತಲು ಪಕ್ಕದ ಮೆಟ್ಟಿಲು ಹಾಕಿಸಿದ್ದೇನೆ. ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಬುಷ್‌ಗಳು ಎರಡು ವಾರದಿಂದ ಕಿರುಗುಟ್ಟುತ್ತಿವೆ, ಗ್ರೀಸ್ ಹಚ್ಚಿದರೂ ನಿಂತಿಲ್ಲ. ಹೂವಿನ ಕಾಲ ಶುರುವಾಗುವ ಮುನ್ನ ಅವನ್ನು ಬದಲಿಸಬೇಕು. ಎರಿ ಕಳಚಿ ಬಿದ್ದದ್ದು ಆ ಮುಂಜಾನೆಯೇ ಕೊನೆ, ಆಮೇಲೆ ಒಂದೂ ಬಿದ್ದಿಲ್ಲ.